ನೆಟ್ಟಣದ ಮಳೆ, ಸಮುವೇಲನ ಮಳೆ

ಸಮುವೇಲನ ಮೊದಲನೆಯ ಪುಸ್ತಕದ ಹನ್ನೆರಡನೆಯ ಅಧ್ಯಾಯವನ್ನು ಸುಬ್ರಹ್ಮಣ್ಯದ ಹತ್ತಿರದ ನಮ್ಮ ನೆಟ್ಟಣದಲ್ಲಿ ಕೂತು ಓದುವವರಿಗೆ ಒಂದು ತೊಡಕು ಎದುರಾಗುತ್ತದೆ. ವಯಸ್ಸಾದ ಸಮುವೇಲ ಜನರನ್ನೆಲ್ಲ ಸೇರಿಸಿ, ದೇವರೇ ಆಳುತ್ತಿರುವಾಗ ನಿಮಗೆ ಬೇರೆ ಅರಸ ಯಾಕೆ ಬೇಕಿತ್ತು ಎಂದು ಗದರುತ್ತಾನೆ. ಅದು ಗೋದಿ ಕೊಯ್ಲಿನ ಕಾಲ. ಅವನು ದೇವರಿಗೆ ಮೊರೆಯಿಡುತ್ತಾನೆ, ಅದೇ ದಿನ ಗುಡುಗಿ ಮಳೆ ಸುರಿಯುತ್ತದೆ. ಜನ ನಡುಗಿಹೋಗುತ್ತಾರೆ, ನಮಗಾಗಿ ಪ್ರಾರ್ಥಿಸು ಎಂದು ಅಂಗಲಾಚುತ್ತಾರೆ.

ಗೋದಿ ಕೊಯ್ಲು ಇಸ್ರಾಯೇಲಿನಲ್ಲಿ ಮೇ ಜೂನ್ ಹೊತ್ತಿನದು. ನಮ್ಮಲ್ಲಿ ಜೂನ್ ಎಂದರೇನು? ಬಿಳಿನೆಲೆಯ ಗುಡ್ಡಗಳು ಮೋಡದೊಳಗೆ ಹೋಗಿ ಕೂತುಬಿಡುವ ಕಾಲ. ಸುಬ್ರಹ್ಮಣ್ಯದಲ್ಲಿ ಕುಮಾರಧಾರೆ ಸ್ನಾನಘಟ್ಟವನ್ನು ಮುಳುಗಿಸುವುದಕ್ಕೆ ತಯಾರಾಗುವ ಕಾಲ. ಇನ್ನೂ ಸ್ವಲ್ಪ ಮುಂದೆ ಹೋದರೆ ಘಟ್ಟದಲ್ಲಿ ಮಣ್ಣು ಜರಿಯುವ ದಿನಗಳು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿಯ ಆಚೆ ಹಳಿಯ ಬುಡವೇ ಕುಸಿದು, ಇಲ್ಲಿನ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿಗೆ ಬೆಂಗಳೂರಿನ ರೈಲುಗಳು ಬಾರದೆ ಹೋದವು. ಇಂಥ ಊರಿನಲ್ಲಿ ಸಂಡೇ ಸ್ಕೂಲಿನ ಮಗುವೊಂದು ಈ ಅಧ್ಯಾಯ ಓದಿ, “ಸಾರ್, ಆ ತಿಂಗಳು ಮಳೆ ಬಂದದ್ದಕ್ಕೆ ಅವರು ಹೆದರಿದ್ದು ಯಾಕೆ?” ಎಂದು ಕೇಳಿದರೆ, ಆ ಪ್ರಶ್ನೆಗಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ. ನನ್ನನ್ನು ಹಾಗೆ ಕೇಳಿದ ಮಗುವಿಗೆ ನಾನು ಮನಸಾರೆ ಶಾಭಾಸ್ ಎಂದಿದ್ದೇನೆ.

ಆ ನಾಡಿನಲ್ಲಿ ಮಳೆ ಬರುವುದು ಅಕ್ಟೋಬರಿನಿಂದ ಏಪ್ರಿಲಿನವರೆಗೆ. ಬಿತ್ತನೆಗೆ ನೆಲ ಮೆದುಮಾಡುವ ಮೊದಲ ಮಳೆ ಅಕ್ಟೋಬರ್, ನವೆಂಬರಿನಲ್ಲಿ. ತೆನೆ ಕಾಳುಕಟ್ಟುವುದಕ್ಕೆ ಬೇಕಾದ ಕೊನೆಯ ಮಳೆ ಮಾರ್ಚ್, ಏಪ್ರಿಲಿನಲ್ಲಿ. ಕನ್ನಡ ಬೈಬಲಿನಲ್ಲಿ ಮುಂಗಾರು, ಹಿಂಗಾರು ಎಂದು ಓದುವಾಗ ನಾವು ಈ ತಿಂಗಳುಗಳನ್ನು ಮನಸ್ಸಿನಲ್ಲಿಡಬೇಕು. ಮೇ ದಾಟಿದ ಮೇಲೆ ಅಲ್ಲಿನ ಆಕಾಶ ಹೊಳೆಯುವ ಹಿತ್ತಾಳೆ. ಗೋದಿ ಕೊಯ್ಯುವಾಗ ಮಳೆ ಎಂದರೆ ಕಣ್ಣೆದುರೇ ವರ್ಷದ ಅನ್ನ ಮುಗ್ಗುವುದು. ಅಷ್ಟೇ ಅಲ್ಲ, ಹಾಗೆ ಆಗುವುದು ತೀರಾ ಅಪರೂಪ. ಇದು ತಿಳಿದ ಮೇಲೆ ಆ ಜನರ ನಡುಕ ನಮ್ಮ ಮೈಗೂ ಬರುತ್ತದೆ.

ಬೈಬಲನ್ನು ಅಭ್ಯಾಸ ಮಾಡಲು ಯಾವ ಪುಸ್ತಕ ತಕ್ಕೊಳ್ಳಬೇಕು ಎಂದು ಈಚೆಗೆ ಕೆಲವರು ಕೇಳುತ್ತಿರುತ್ತಾರೆ. ಹೆಚ್ಚಿನವರು ಕಡಬ, ನೆಲ್ಯಾಡಿ, ಇಚ್ಲಂಪಾಡಿ ಕಡೆಯ ಯುವಕ ಯುವತಿಯರು. ಕಾಲೇಜು ಮುಗಿಸಿದವರು, ಪ್ರಾರ್ಥನಾ ಕೂಟದಲ್ಲಿ ಎರಡು ಮಾತು ಹೇಳಬೇಕಾಗಿ ಬಂದವರು. ಕೈಯಲ್ಲಿ ಸ್ವಲ್ಪ ದುಡ್ಡಿದೆ, ಅದು ವ್ಯರ್ಥವಾಗಬಾರದು. ಅವರಿಗೆ ನಾನು ಹೇಳುವುದೆಲ್ಲ ಸಮುವೇಲನ ಈ ಮಳೆಯಿಂದಲೇ ಹೊರಡುತ್ತದೆ. ಓದುವಾಗ ನಿಮಗೆ ತೊಡಕಾದದ್ದು ಎಲ್ಲಿ ಎಂಬುದು ಮೊದಲು ಗೊತ್ತಾಗಬೇಕು, ಪುಸ್ತಕ ಆಮೇಲೆ. ತೊಡಕೇ ಆಗದವನಿಗೆ ಒಂದು ಕಪಾಟು ತುಂಬ ಗ್ರಂಥಗಳನ್ನು ತಂದಿಟ್ಟರೂ ಅವು ಧೂಳು ತಿನ್ನುತ್ತ ಕೂತಿರುತ್ತವೆ.

ಕೊಳ್ಳುವ ಸರದಿಯಲ್ಲಿ ಮೊದಲನೆಯದು ಬೈಬಲೇ, ಇನ್ನೊಂದು ಬೈಬಲು. ಈ ವಿಷಯದಲ್ಲಿ ನೆಟ್ಟಣದಷ್ಟು ಭಾಗ್ಯದ ಊರು ಕಡಿಮೆ. 1950ರ ದಶಕದಿಂದೀಚೆಗೆ ತಿರುವಾಂಕೂರಿನ ಕಡೆಯಿಂದ ಬಂದು ಕಾಡು ಸವರಿ, ಮರಗೆಣಸು ನೆಟ್ಟು, ರಬ್ಬರ್ ಎಬ್ಬಿಸಿದ ಕುಟುಂಬಗಳು ಮಲಯಾಳಂ ಬೈಬಲನ್ನು ಜೊತೆಗೆ ತಂದವು. ನಮ್ಮದೂ ಅಂಥದೇ ಮನೆ. ಮಂಗಳೂರು ಕಡೆಯ ಕ್ಯಾಥೊಲಿಕರ ಮನೆಗಳಲ್ಲಿ ಕೊಂಕಣಿಯದು ಇದೆ. ಬಾಸೆಲ್ ಮಿಷನ್ನಿನ ಪರಂಪರೆಯವರಲ್ಲಿ ಕನ್ನಡದ ಸತ್ಯವೇದವೂ ತುಳುವಿನ ಹೊಸ ಒಡಂಬಡಿಕೆಯೂ ಉಂಟು. 1964ರ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದು, ಸುಳ್ಯ ಪುತ್ತೂರು ಸೀಮೆಯಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆನಿಂತ ತಮಿಳರಲ್ಲಿ ಕ್ರೈಸ್ತರೂ ಇದ್ದಾರೆ. ಅವರ ಕೈಯಲ್ಲಿ ತಮಿಳು ಬೈಬಲು. ಇಂಡಿಯಾದ ಭಾಷೆಗಳಲ್ಲಿ ಮೊದಲು ಅಚ್ಚಾದ ಹೊಸ ಒಡಂಬಡಿಕೆ ತಮಿಳಿನದೇ, 1715ರಲ್ಲಿ, ತರಂಗಂಬಾಡಿಯಲ್ಲಿ. ಒಂದೇ ಓಣಿಯಲ್ಲಿ ನಾಲ್ಕೈದು ಭಾಷೆಯ ಬೈಬಲುಗಳು ಸಿಕ್ಕುವ ಈ ಅನುಕೂಲ ದೊಡ್ಡ ಸೆಮಿನರಿಗಳಲ್ಲಿ ಮಾತ್ರ ಸಿಕ್ಕೀತು.

ಕನ್ನಡದಲ್ಲಿ ಓದುವವರು ಬೈಬಲ್ ಸೊಸೈಟಿಯ ಹಳೆಯ ಸತ್ಯವೇದವನ್ನೂ, ಈಚಿನ ಸರಳ ಕನ್ನಡದ ಒಂದು ಆವೃತ್ತಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಕ್ಯಾಥೊಲಿಕರಿಗೆ ಶ್ರೀಗ್ರಂಥವಿದೆ. ಪಕ್ಕಪಕ್ಕದ ಎರಡೂ ಬೈಬಲುಗಳು ಒಂದೇ ರೀತಿ ಹೇಳುವ ಕಡೆ ನಿಶ್ಚಿಂತೆಯಿಂದ ಮುಂದೆ ಹೋಗಬಹುದು. ಎರಡೂ ಬೇರೆಬೇರೆ ಹೇಳುವ ಕಡೆ ಪೆನ್ಸಿಲಿನಿಂದ ಅಂಚಿನಲ್ಲಿ ಗುರುತು ಹಾಕಿ. ಅಲ್ಲಿಯೇ ಮೂಲದಲ್ಲಿ ಏನೋ ಕಷ್ಟವಿದೆ ಎಂದರ್ಥ. ಮುಂದೆ ಕೊಳ್ಳುವ ಪುಸ್ತಕಗಳೆಲ್ಲ ಆ ಗುರುತುಗಳಿಗಾಗಿ.

ಕನ್ನಡದಲ್ಲಿ ಇಡೀ ಬೈಬಲು ಅಚ್ಚಾಗಿ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವನ ಸಂಗಡಿಗರ ಕೆಲಸದಿಂದ. ಆ ಸಂಗಡಿಗರಲ್ಲಿ ಒಬ್ಬನಾದ ವಿಲಿಯಂ ರೀವ್ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಮಾಡಿದ. ಅದು ಬಂದದ್ದು 1832ರಲ್ಲಿ. ಈ ಎರಡು ವರ್ಷಗಳನ್ನು ಒಟ್ಟಿಗೆ ನೋಡಿದಾಗ ನನಗೆ ಬಹಳ ಸಂತೋಷವಾಗುತ್ತದೆ. ಗ್ರಂಥವೂ ಅದರ ಸಲಕರಣೆಯೂ ಒಂದೇ ಮೇಜಿನ ಮೇಲೆ ಹುಟ್ಟಿವೆ. ಮಂಗಳೂರಿನಲ್ಲೂ ಹಾಗೆಯೇ. 1841ರಲ್ಲಿ ಬಲ್ಮಠದಲ್ಲಿ ಕಲ್ಲಚ್ಚು ಶುರುವಾಯಿತು. ಬಾಸೆಲ್ ಮಿಷನ್ನಿನ ಗ್ರೈನರ್ ತುಳು ಹೊಸ ಒಡಂಬಡಿಕೆಯನ್ನು 1847ರ ಹೊತ್ತಿಗೆ ಮುಗಿಸಿದ. ಮುಂದೆ 1886ರಲ್ಲಿ ಮೆನ್ನರ್‌ನ ತುಳು ನಿಘಂಟು, 1894ರಲ್ಲಿ ಕಿಟ್ಟೆಲ್ಲರ ಕನ್ನಡ ನಿಘಂಟು. ಹಳೆಯ ಸತ್ಯವೇದ ಓದುವವರ ಮನೆಯಲ್ಲಿ ಕಿಟ್ಟೆಲ್ಲರ ನಿಘಂಟು ಇದ್ದರೆ ಅದಕ್ಕಿಂತ ದೊಡ್ಡ ನೆರವು ಬೇಡ. ನಾವು ಇಂದು ಬಳಸದೆ ಬಿಟ್ಟ ಎಷ್ಟೋ ಮಾತುಗಳನ್ನು ಆ ಮನುಷ್ಯ ಗಾದೆ, ಪ್ರಯೋಗಗಳ ಸಮೇತ ಕಾದಿಟ್ಟಿದ್ದಾರೆ.

ಬೈಬಲು ಕೊಳ್ಳುವಾಗ ಪುಸ್ತಕಗಳ ಲೆಕ್ಕವನ್ನೂ ನೋಡಬೇಕು. ಪ್ರೊಟೆಸ್ಟೆಂಟರ ಬೈಬಲಿನಲ್ಲಿ 66 ಪುಸ್ತಕ, ಕ್ಯಾಥೊಲಿಕರದರಲ್ಲಿ 73. ನೆಟ್ಟಣದಲ್ಲಿ ಇದು ಪಂಡಿತರ ಮಾತಲ್ಲ, ದಿನನಿತ್ಯದ ವ್ಯವಹಾರ. ಒಂದು ಬೇಲಿಯ ಈಚೆ ಸೀರೊ ಮಲಬಾರ್ ಮನೆ, ಆಚೆ ಪೆಂತೆಕೊಸ್ತಿನವರದು, ತಿರುವಿನಲ್ಲಿ ಯಾಕೋಬಾಯದವರು. 66 ಪುಸ್ತಕಗಳಿಗೆಂದು ಮಾಡಿದ ನಿಘಂಟನ್ನು ಕೊಂಡ ಕ್ಯಾಥೊಲಿಕ್ ಹುಡುಗಿ ತೋಬಿತನನ್ನು, ಮಕ್ಕಬಿಯರನ್ನು ಹುಡುಕಿದರೆ ಅವು ಅದರಲ್ಲಿ ಸಿಗದೆ ಹೋಗಬಹುದು. ಹಳೆಯ ಲ್ಯಾಟಿನ್ ಕ್ರಮದ ಪ್ರಾರ್ಥನಾ ಪುಸ್ತಕ ಇಟ್ಟುಕೊಂಡವರಿಗೆ ಕೀರ್ತನೆಗಳ ಎಣಿಕೆಯೂ ಬೇರೆ. ಕುರುಬನ ಕೀರ್ತನೆ ನಮಗೆ 23ನೆಯದು, ಆ ಕ್ರಮದಲ್ಲಿ 22ನೆಯದು. ಅಂಗಡಿಯಲ್ಲೇ ಪರಿವಿಡಿ ತೆರೆದು ನೋಡಿಕೊಂಡರೆ ಈ ತಾಪತ್ರಯ ಇಲ್ಲ.

ಎರಡನೆಯದು ಒತ್ತುವಾಕ್ಯ. ನಮ್ಮ ಮಲಯಾಳಂ ಮನೆಗಳ ಮಾತಿದು. ಕನ್ನಡದವರು ರೆಫರೆನ್ಸ್ ಬೈಬಲ್ ಎನ್ನುತ್ತಾರೆ. ವಾಕ್ಯದ ಪಕ್ಕದಲ್ಲೋ ಕೆಳಗೋ ಸಣ್ಣಕ್ಷರದಲ್ಲಿ ಇನ್ನೊಂದು ಪುಸ್ತಕ, ಅಧ್ಯಾಯ, ವಾಕ್ಯದ ಅಂಕಿ ಕೊಟ್ಟಿರುತ್ತಾರಲ್ಲ, ಅದು. ನನ್ನ ಅಮ್ಮಚ್ಚಿ ಶಾಲೆಗೆ ಹೋದದ್ದು ಸ್ವಲ್ಪವೇ. ಅವರಲ್ಲಿ ಇದ್ದದ್ದು ಕಂದು ಕಾಗದದ ಹೊದಿಕೆಯ ಒಂದೇ ಒಂದು ಒತ್ತುವಾಕ್ಯದ ಬೈಬಲು. ಮಳೆ ಹಿಡಿದು ರಬ್ಬರ್ ಟ್ಯಾಪಿಂಗ್ ಇಲ್ಲದ ಬೆಳಿಗ್ಗೆ ಚಾವಡಿಯಲ್ಲಿ ಕಾಲು ಚಾಚಿ ಕೂರುತ್ತಿದ್ದರು. ಒಂದು ವಾಕ್ಯ ಓದಿ, ಅದರ ಕೆಳಗಿನ ಅಂಕಿ ಹಿಡಿದು ಹಿಂದಿನ ಪುಸ್ತಕಕ್ಕೆ ಹೋಗಿ, ಅಲ್ಲಿಂದ ಇನ್ನೊಂದಕ್ಕೆ ದಾಟಿ, ಬಲಗೈಯ ನಾಲ್ಕು ಬೆರಳುಗಳನ್ನು ನಾಲ್ಕು ಪುಟಗಳ ನಡುವೆ ಇಟ್ಟುಕೊಂಡೇ ಎಡಗೈಯಿಂದ ಪುಟ ಮಗುಚುತ್ತಿದ್ದರು. ಐದನೆಯದು ಬೇಕಾದಾಗ, “ಮೋನೇ, ಇಲ್ಲೊಂದು ಬೆರಳು ಇಡು” ಎಂದು ನನ್ನನ್ನು ಕರೆಯುತ್ತಿದ್ದರು. ಬೈಬಲನ್ನು ಬೈಬಲಿನಿಂದಲೇ ಬಿಡಿಸುವ ಆ ಪಾಠಕ್ಕೆ ಸಮನಾದದ್ದನ್ನು ಮತ್ತೆಲ್ಲೂ ನಾನು ಕಂಡಿಲ್ಲ.

ಸಮುವೇಲನ ಮಳೆಯ ಗಂಟನ್ನೂ ಒತ್ತುವಾಕ್ಯವೇ ಬಿಡಿಸಬಲ್ಲದು. ಅಲ್ಲಿಂದ ಜ್ಞಾನೋಕ್ತಿಗಳ 26ನೆಯ ಅಧ್ಯಾಯದ ಮೊದಲ ವಾಕ್ಯಕ್ಕೆ ಹೋಗಿ ನೋಡಿ. ಕೊಯ್ಲಿನ ಕಾಲದ ಮಳೆಯನ್ನು ಬೇಸಗೆಯ ಹಿಮದ ಜೊತೆ ಇಟ್ಟು, ಎರಡೂ ಸಲ್ಲದ ಸಂಗತಿ ಎಂದು ಆ ಜ್ಞಾನಿ ಹೇಳಿದ್ದಾನೆ. ಬೇರೆ ಗ್ರಂಥ ಮುಟ್ಟುವ ಮೊದಲೇ ಅರ್ಧ ಉತ್ತರ ಕೈಸೇರಿತು. ಇಂಗ್ಲಿಷ್ ಬಲ್ಲವರಿಗೆ 1908ರಲ್ಲಿ ಮೊದಲು ಬಂದ ಥಾಂಪ್ಸನ್ನನ ಚೈನ್ ರೆಫರೆನ್ಸ್ ಬೈಬಲು ಇದೇ ದಾರಿಯಲ್ಲಿ ಬಹಳ ದೂರ ಕರೆದುಕೊಂಡು ಹೋಗುತ್ತದೆ. ನಮ್ಮ ಕಡೆಯ ಎಷ್ಟೋ ಪಾಸ್ಟರುಗಳ ಕೈಯಲ್ಲಿ ಅಂಚು ಸವೆದ ಪ್ರತಿಗಳನ್ನು ನೋಡಿದ್ದೇನೆ.

ಇಲ್ಲಿ ಅಂಕಿಗಳ ಉಪಕಾರವನ್ನು ನೆನೆಯದೆ ಮುಂದೆ ಹೋಗಲಾರೆ. ನೆಟ್ಟಣದ ಯಾವುದೋ ಮನೆಯಲ್ಲಿ ಪ್ರಾರ್ಥನಾ ಕೂಟ. ಒಬ್ಬರು ಯೋಹಾನ 15:5 ಎನ್ನುತ್ತಾರೆ. ಮಲಯಾಳಂ, ಕನ್ನಡ, ತಮಿಳು, ಇಂಗ್ಲಿಷು ಬೈಬಲುಗಳು ಒಂದೇ ಕ್ಷಣದಲ್ಲಿ ಒಂದೇ ಜಾಗದಲ್ಲಿ ತೆರೆದುಕೊಳ್ಳುತ್ತವೆ. ಅಧ್ಯಾಯಗಳ ಈಗಿನ ವಿಂಗಡಣೆ 13ನೆಯ ಶತಮಾನದ್ದು, ಸ್ಟೀಫನ್ ಲ್ಯಾಂಗ್ಟನ್ ಎಂಬ ಇಂಗ್ಲಿಷ್ ಪಂಡಿತನ ಹೆಸರಿನಲ್ಲಿದೆ. ಹೊಸ ಒಡಂಬಡಿಕೆಗೆ ಈಗಿನ ವಾಕ್ಯಸಂಖ್ಯೆ ಕೊಟ್ಟವನು ರೊಬೇರ್ ಎತಿಯೆನ್ ಎಂಬ ಫ್ರೆಂಚ್ ಮುದ್ರಕ, 1551ರಲ್ಲಿ. ಮೂಲದ ಲೇಖಕರು ಯಾರೂ ಹಾಕದ ಈ ಅಂಕಿಗಳಿಂದಾಗಿ ಒಬ್ಬರ ಭಾಷೆ ಒಬ್ಬರಿಗೆ ಬಾರದ ನೆರೆಯವರು ಕೂಡಿ ಓದುವಂತಾಯಿತು. ಯೋವೇಲ, ಮಲಾಕಿಯಂಥ ಪುಸ್ತಕಗಳಲ್ಲಿ ಮಾತ್ರ ಕೆಲವು ಬೈಬಲುಗಳ ಅಧ್ಯಾಯದ ಲೆಕ್ಕ ಬೇರೆಯಾಗುತ್ತದೆ. ಕೂಟದಲ್ಲಿ ಗೊಂದಲವಾದರೆ ಗಾಬರಿ ಬೇಡ.

ಮೂರನೆಯದು ಕನ್ಕಾರ್ಡೆನ್ಸ್, ಅಂದರೆ ಪದಾನುಕ್ರಮಣಿಕೆ. ಒಂದು ಪದ ಬೈಬಲಿನಲ್ಲಿ ಎಲ್ಲೆಲ್ಲಿ ಬಂದಿದೆ ಎಂಬ ಪಟ್ಟಿ. ನೆಟ್ಟಣದವರಿಗೆ ಇದನ್ನು ವಿವರಿಸುವುದು ಸುಲಭ. ಇಲ್ಲೇ ಕಿದುವಿನಲ್ಲಿ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯವರ ತೆಂಗಿನ ತಳಿಗಳ ತೋಟವಿದೆ. ನಾನಾ ದೇಶ, ದ್ವೀಪಗಳಿಂದ ಬಂದ ತಳಿಗಳನ್ನು ಒಂದೊಂದು ಗುರುತಿನ ಕೆಳಗೆ ಕಾಪಾಡಿದ್ದಾರೆ, ಯಾವುದು ಎಲ್ಲಿಂದ ಬಂತು ಎಂದು ದಾಖಲೆ ನೋಡಿ ಹೇಳಬಹುದು. ಕನ್ಕಾರ್ಡೆನ್ಸ್ ಬೈಬಲಿನ ಪದಗಳಿಗೆ ಅಂಥ ದಾಖಲೆ. 13ನೆಯ ಶತಮಾನದಲ್ಲಿ ಪ್ಯಾರಿಸಿನ ಡೊಮಿನಿಕನ್ ಸನ್ಯಾಸಿಗಳು ಹ್ಯೂ ಎಂಬ ಗುರುವಿನ ಕೈಕೆಳಗೆ ಲ್ಯಾಟಿನ್ ಬೈಬಲಿಗೆ ಇದನ್ನು ಮಾಡಿದರು. ಇಂಗ್ಲಿಷಿನಲ್ಲಿ ಹೆಸರಾದದ್ದು ಅಲೆಗ್ಸಾಂಡರ್ ಕ್ರೂಡೆನ್ನನದು. ಲಂಡನ್ನಿನಲ್ಲಿ ಪುಸ್ತಕದಂಗಡಿ ಇಟ್ಟು ಕರಡು ತಿದ್ದಿ ಜೀವಿಸುತ್ತಿದ್ದ ಆತ ಒಂಟಿಯಾಗಿ ದುಡಿದು 1737ರಲ್ಲಿ ಅದನ್ನು ಹೊರತಂದ, ರಾಣಿ ಕ್ಯಾರೊಲಿನ್‌ಗೆ ಅರ್ಪಿಸಿದ. ಕೆಲವೇ ದಿನಗಳಲ್ಲಿ ರಾಣಿ ತೀರಿಕೊಂಡಳು. ಅವಳಿಂದ ಬರಬಹುದಾಗಿದ್ದ ನೆರವೂ ಹೋಯಿತು. ಪುಸ್ತಕ ಮಾತ್ರ ಇಂದಿಗೂ ಅಚ್ಚಿನಲ್ಲಿದೆ.

ಇಂಗ್ಲಿಷ್ ಬರುವವರು ಒಂದೇ ಕನ್ಕಾರ್ಡೆನ್ಸ್ ಕೊಳ್ಳುವುದಾದರೆ ಅದು ಜೇಮ್ಸ್ ಸ್ಟ್ರಾಂಗನದಾಗಲಿ. 1890ರಲ್ಲಿ ಬಂದದ್ದು. ಹಳೆಯ ಒಡಂಬಡಿಕೆಯ ಮೂಲ ಪದಗಳಿಗೆ 8,674ರವರೆಗೆ, ಹೊಸದರ ಗ್ರೀಕ್ ಪದಗಳಿಗೆ 5,624ರವರೆಗೆ ಅಂಕಿ ಕೊಟ್ಟಿದ್ದಾನೆ. ಹೀಬ್ರೂ ಲಿಪಿಯ ಒಂದಕ್ಷರ ಬಾರದ ರಬ್ಬರ್ ಬೆಳೆಗಾರನೂ ಅಂಕಿ ಹಿಡಿದು ಮೂಲಪದದ ಬಾಗಿಲ ತನಕ ಹೋಗಿ ನಿಲ್ಲಬಹುದು. ಆದರೆ ಬಾಗಿಲ ತನಕ ಮಾತ್ರ. ಸ್ಟ್ರಾಂಗ್ ಕೊಟ್ಟ ಪುಟ್ಟ ಅರ್ಥಪಟ್ಟಿಯಿಂದ ತನಗೆ ಇಷ್ಟವಾದದ್ದನ್ನು ಹೆಕ್ಕಿ, ಮೂಲದಲ್ಲಿ ಹೀಗಿದೆ ಎಂದು ಪ್ರಸಂಗ ಮಾಡುವ ಅಭ್ಯಾಸ ನಮ್ಮ ಕಡೆ ಬೆಳೆಯುತ್ತಿದೆ. ಅದು ನನಗೆ ಕೊಂಚವೂ ಸರಿಬೀಳುವುದಿಲ್ಲ. ಒಂದು ಮಾತಿನ ಅರ್ಥವನ್ನು ಅದು ಇರುವ ವಾಕ್ಯ ಹೇಳಬೇಕು.

ನಾಲ್ಕನೆಯದರ ಬಗ್ಗೆ ನನಗೆ ಪ್ರೀತಿ ಹೆಚ್ಚು, ಅದಕ್ಕೆ ಸ್ವಲ್ಪ ನಿಧಾನಿಸುತ್ತೇನೆ. ಬೈಬಲ್ ನಿಘಂಟು. ಹೆಸರು ನಿಘಂಟಾದರೂ ಅದು ಊರು, ಬೆಳೆ, ನಾಣ್ಯ, ಹಬ್ಬ, ಪ್ರಾಣಿ, ಅಳತೆ ಎಲ್ಲವನ್ನೂ ತಿಳಿಸುವ ಪುಟ್ಟ ವಿಶ್ವಕೋಶ. ಕೃಷಿ ಮಾಡುವವರಿಗೆ ಇದರಷ್ಟು ರುಚಿಸುವ ಓದು ಬೇರೆ ಇಲ್ಲ.

ರೂತಳ ಕಥೆಯನ್ನೇ ತಕ್ಕೊಳ್ಳಿ. ಪರದೇಶದ ವಿಧವೆ, ಅತ್ತೆಯನ್ನು ಸಾಕಬೇಕು, ಬೋವಜನ ಹೊಲದಲ್ಲಿ ಹಕ್ಕಲಾಯಲು ಹೋಗುತ್ತಾಳೆ. ಸಂಜೆ ಬಡಿದು ಅಳೆದಾಗ ಒಂದು ಏಫಾ ಜವೆಗೋದಿ ಆಗಿತ್ತು ಎಂದಿದೆ. ಏಫಾ ಎಂದರೆ ಎಷ್ಟು ಎಂದು ಗೊತ್ತಿಲ್ಲದೆ ಓದಿದರೆ ಆ ವಾಕ್ಯ ಜಾರಿಹೋಗುತ್ತದೆ. ನಿಘಂಟು ಸುಮಾರು 22 ಲೀಟರು ಎನ್ನುತ್ತದೆ. ಜವೆಗೋದಿ ಅಷ್ಟಾದರೆ ತೂಕದಲ್ಲಿ ಹದಿಮೂರು ಕೆಜಿಯ ಆಸುಪಾಸು. ನಮ್ಮ ಹಿರಿಯರ ಲೆಕ್ಕದಲ್ಲಿ ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಅಕ್ಕಿಮುಡಿ. ಹೆಚ್ಚುಕಮ್ಮಿ ಒಂದು ಕಳಸೆಯ ತೂಕವನ್ನು ಆ ಹುಡುಗಿ ಒಂದೇ ದಿನ ಹೆಕ್ಕಿ, ಬಡಿದು, ಹೊತ್ತುಕೊಂಡು ಊರಿಗೆ ಬಂದಿದ್ದಾಳೆ. ಕೊಯ್ದ ಗದ್ದೆಯಲ್ಲಿ ಬಿದ್ದ ತೆನೆ ಹೆಕ್ಕಿ ಗೊತ್ತಿರುವವರಿಗೆ ಕೂಡಲೇ ಹೊಳೆಯುತ್ತದೆ, ಹಾಗೆ ಹೆಕ್ಕಿದರೆ ಇಷ್ಟು ಆಗುವುದಿಲ್ಲ. ಹೌದು, ಬೋವಜ ತನ್ನ ಆಳುಗಳಿಗೆ, ಕಟ್ಟುಗಳಿಂದ ಬೇಕೆಂದೇ ಒಂದಿಷ್ಟು ಎಳೆದು ಬೀಳಿಸಿ ಎಂದು ಹೇಳಿದ್ದನಲ್ಲ! ಅವನ ಔದಾರ್ಯ ಎಷ್ಟೆಂಬುದನ್ನು ಗ್ರಂಥ ಬಾಯಿಬಿಟ್ಟು ಹೊಗಳುವುದಿಲ್ಲ, ಅಳೆದು ತೋರಿಸುತ್ತದೆ. ಅತ್ತೆ ನೊವೊಮಿ ಆ ರಾಶಿ ನೋಡಿದ ಕೂಡಲೇ, ನಿನ್ನ ಮೇಲೆ ದಯೆ ತೋರಿದವನಿಗೆ ಆಶೀರ್ವಾದವಾಗಲಿ ಎಂದದ್ದೂ ಅದಕ್ಕೇ. ಎಷ್ಟೋ ಬೈಬಲುಗಳ ಕೊನೆಯಲ್ಲಿರುವ, ಯಾರೂ ತೆರೆಯದ ಅಳತೆಯ ಪಟ್ಟಿಯಿಂದ ಸಿಗುವ ಸಂತೋಷ ಇದು.

ನಕಾಶೆಯೂ ಹಾಗೆಯೇ. ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯದಲ್ಲಿ ಪೌಲನನ್ನು ಕೈದಿಯಾಗಿ ಹಡಗಿನಲ್ಲಿ ರೋಮಿಗೆ ಸಾಗಿಸುತ್ತಾರೆ. ನಕಾಶೆ ಬಿಡಿಸಿಟ್ಟು, ಕೈಸರೈಯದಿಂದ ಸೀದೋನಿಗೆ, ಸೈಪ್ರಸ್ಸಿನ ಮರೆಯಲ್ಲಿ ಮುರಕ್ಕೆ, ಅಲ್ಲಿಂದ ಕ್ರೇತ ದ್ವೀಪದ ತೆಂಕಣ ದಂಡೆಗೆ ಬೆರಳು ಸರಿಸುತ್ತ ಓದಬೇಕು. ಕ್ರೇತದಲ್ಲಿ ಪೌಲ ಮುಂದೆ ಹೋಗುವುದು ಅಪಾಯ ಎನ್ನುತ್ತಾನೆ. ಉಪವಾಸದ ದಿನ ಆಗಲೇ ಕಳೆದಿತ್ತು ಎಂದು ಈ ಪುಸ್ತಕ ಬರೆದ ಲೂಕ ಸೇರಿಸುತ್ತಾನೆ. ಉಪವಾಸಕ್ಕೂ ಹಡಗಿಗೂ ಏನು ಸಂಬಂಧ? ನಿಘಂಟು ತೆರೆದರೆ, ಅದು ಯೆಹೂದ್ಯರ ದೋಷಪರಿಹಾರಕ ದಿನ, ಸೆಪ್ಟೆಂಬರ್ ಕೊನೆ ಇಲ್ಲವೇ ಅಕ್ಟೋಬರಿನಲ್ಲಿ ಬರುತ್ತದೆ. ಆ ಸಮುದ್ರದಲ್ಲಿ ಅಲ್ಲಿಂದ ಮುಂದೆ ಪ್ರಯಾಣ ಅಪಾಯದ್ದು, ನವೆಂಬರಿನಿಂದ ಮಾರ್ಚಿನ ತನಕ ಬಹುಮಟ್ಟಿಗೆ ನಿಂತೇಹೋಗುತ್ತಿತ್ತು ಎಂದು ತಿಳಿಯುತ್ತದೆ. ತುಳುನಾಡಿನವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಆಟಿ ತಿಂಗಳಲ್ಲಿ ಕಡಲಿಗೆ ಇಳಿಯಬಾರದೆಂದು, ನೂಲ ಹುಣ್ಣಿಮೆಗೆ ಹಾಲು ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ಇಳಿಸಬೇಕೆಂದು ಮೊಗವೀರರು ಪಂಚಾಂಗದಿಂದಲೇ ಸಮುದ್ರವನ್ನು ಅಳೆದವರು. ಲೂಕನೂ ಹಬ್ಬದ ಹೆಸರಿನಿಂದ ಹವಾಮಾನ ಹೇಳುತ್ತಿದ್ದಾನೆ. ಪೌಲನ ಮಾತು ಮೀರಿ ಹೊರಟ ಆ ಹಡಗು 276 ಜನರನ್ನು ಹೊತ್ತು ಹದಿನಾಲ್ಕು ರಾತ್ರಿ ಅಲೆದು ಮಾಲ್ಟಾದಲ್ಲಿ ಒಡೆಯಿತು. ಎಲ್ಲರೂ ಬದುಕಿದರು.

ನಮ್ಮ ಮಲಯಾಳಂ ಬಲ್ಲ ಮನೆಗಳಿಗೆ ಒಂದು ದೊಡ್ಡ ಆಸ್ತಿ ಇದೆ: ಡಿ. ಬಾಬು ಪಾಲ್ ಅವರ ‘ವೇದಶಬ್ದ ರತ್ನಾಕರಂ’. ಐಎಎಸ್ ಅಧಿಕಾರಿಯಾಗಿ ಇಡುಕ್ಕಿ ಅಣೆಕಟ್ಟಿನಂಥ ಯೋಜನೆಗಳ ಹೊಣೆ ಹೊತ್ತವರು ಬಿಡುವಿನಲ್ಲಿ ಕೂತು ಇಡೀ ಬೈಬಲ್ ನಿಘಂಟನ್ನು ಬರೆದರು. ಕೇರಳ ಸಾಹಿತ್ಯ ಅಕಾಡೆಮಿ ಅದನ್ನು ಗೌರವಿಸಿತು. ಭಾಷಾಂತರವಾಗಿ ಬರದೆ ನೇರ ಮಲಯಾಳದಲ್ಲಿ ಹುಟ್ಟಿದ್ದರಿಂದ ಅದರಲ್ಲಿ ನಮ್ಮ ಕಡೆಯ ಗಾಳಿ ಆಡುತ್ತದೆ. ಅಪ್ಪಚ್ಚನ ಕಾಲದ ಮಲಯಾಳಂ ಓದಲು ಬಾರದ ಮೊಮ್ಮಕ್ಕಳು ಇದೊಂದಕ್ಕಾದರೂ ಆ ಲಿಪಿ ಕಲಿಯಬೇಕು ಎಂದು ನಾನು ಹೇಳುತ್ತಿರುತ್ತೇನೆ.

ಅಂಗಡಿಯಲ್ಲಿ ನಿಂತು ನಿಘಂಟನ್ನು ಪರೀಕ್ಷಿಸುವ ಕ್ರಮ ಹೀಗೆ. ಹೆಸರುವಾಸಿ ವಿಷಯಗಳನ್ನು ನೋಡಬೇಡಿ. ಮಳೆ, ಅಳತೆ, ತಿಂಗಳುಗಳು, ಇವನ್ನು ತೆರೆಯಿರಿ. ಯಾವ ತಿಂಗಳು, ಎಷ್ಟು ಲೀಟರು, ಯಾವ ಅಧ್ಯಾಯ ಎಂದು ನೇರ ಹೇಳಿದ್ದರೆ ಆ ಪುಸ್ತಕ ಮನೆಗೆ ಬರಲಿ. ಮಳೆ ಎಂದ ಕೂಡಲೇ ಅದು ಆತ್ಮನ ಸಂಕೇತ ಎಂದು ಶುರುಮಾಡಿದರೆ ಹಾಗೆಯೇ ಕಪಾಟಿನಲ್ಲಿಡಿ. ಸಂಕೇತ ನಿಜವಿರಬಹುದು, ಆದರೆ ಮೊದಲು ನೆಲ ಒದ್ದೆಯಾಗಬೇಕು.

ವ್ಯಾಖ್ಯಾನಗಳನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಎಲ್ಲರೂ ಮೊದಲು ಕೊಳ್ಳುವುದು ಅದನ್ನೇ. ನಾವು ಬೇರೆ ಬೇರೆ ಸಭೆಗಳ ನಡುವೆ ಬಾಳುವ ಜನ; ವ್ಯಾಖ್ಯಾನಕಾರ ಯಾರು, ಯಾವ ಸಭೆಯವನು, ಯಾವ ವರ್ಷ ಬರೆದ ಎಂಬುದನ್ನು ಮೊದಲ ಪುಟಗಳಲ್ಲೇ ತಿಳಿದುಕೊಳ್ಳಬೇಕು. ಮ್ಯಾಥ್ಯೂ ಹೆನ್ರಿ ನನಗೆ ಅಚ್ಚುಮೆಚ್ಚು. ಆದರೆ ಅವನು 1714ರಲ್ಲಿ ತೀರಿಕೊಂಡವನು. ಅಪೊಸ್ತಲರ ಕೃತ್ಯಗಳವರೆಗೆ ಬರೆದದ್ದು ಅವನು, ಮುಂದಿನ ಪತ್ರಿಕೆಗಳನ್ನು ಅವನ ಜೊತೆಯ ಪಾದ್ರಿಗಳು ಪೂರೈಸಿದರು. ಅವನಲ್ಲಿ ಭಕ್ತಿ ಸಿಗುತ್ತದೆ, ಅಗೆತದಿಂದ ಈಚೆಗೆ ತಿಳಿದ ಸಂಗತಿಗಳು ಸಿಗಲಾರವು. ಸ್ಕಾಟ್ಲೆಂಡಿನ ವಿಲಿಯಂ ಬಾರ್ಕ್ಲೆಯ ಹೊಸ ಒಡಂಬಡಿಕೆಯ ಸಂಪುಟಗಳು ಸಾಮಾನ್ಯ ಓದುಗರಿಗೆಂದೇ ಬರೆದವು. ಮೊದಲ ಶತಮಾನದ ಬೀದಿ, ಅಂಗಡಿ, ಮನೆಗಳನ್ನು ಅವನಷ್ಟು ಚೆನ್ನಾಗಿ ತೋರಿಸಿದವರು ಕಡಿಮೆ. ಅದ್ಭುತಗಳ ಬಗ್ಗೆ ಅವನು ಹೇಳುವುದನ್ನು ಎಲ್ಲರೂ ಒಪ್ಪುವುದಿಲ್ಲ. ಒಪ್ಪದಿದ್ದರೂ ಓದಬಹುದು.

ಒಂದು ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತ. ಹೊಸದಾಗಿ ಕಲಿಯುವವರು ವಾಕ್ಯದ ಕೆಳಗೇ ಉದ್ದುದ್ದ ಟಿಪ್ಪಣಿ ಇರುವ ಬೈಬಲಿನಿಂದ ಶುರುಮಾಡುವುದು ಬೇಡ. ಸ್ಕೋಫೀಲ್ಡನ ರೆಫರೆನ್ಸ್ ಬೈಬಲು 1909ರಲ್ಲಿ ಬಂದು, ತಿರುವಾಂಕೂರಿನ ದಾರಿಯಾಗಿ ನಮ್ಮ ಕೆಲವು ಮನೆಗಳಿಗೂ ತಲುಪಿತು. ಸೃಷ್ಟಿಯಾದದ್ದು ಕ್ರಿ.ಪೂ. 4004ರಲ್ಲಿ ಎಂಬ ಅದರ ಅಂಚಿನ ಮಾತನ್ನು ಗ್ರಂಥದ ಮಾತೆಂದೇ ನಂಬಿದ ಹಿರಿಯರು ನನಗೆ ಗೊತ್ತಿದ್ದಾರೆ. ಅದು 17ನೆಯ ಶತಮಾನದ ಐರಿಷ್ ಆರ್ಚ್‌ಬಿಷಪ್ ಅಷರ್ ಹಾಕಿದ ಲೆಕ್ಕ. ಒಂದೇ ಪುಟದಲ್ಲಿ ಒಂದೇ ಅಚ್ಚಿನಲ್ಲಿ ಇದ್ದಾಗ ಯಾವುದು ಪ್ರವಾದಿಯ ಮಾತು, ಯಾವುದು ಸಂಪಾದಕನದು ಎಂಬುದು ವರ್ಷಗಳು ಕಳೆದಂತೆ ನೆನಪಿನಲ್ಲಿ ಕಲಸಿಹೋಗುತ್ತದೆ. ವ್ಯಾಖ್ಯಾನ ಬೇರೆ ರಟ್ಟಿನೊಳಗೆ ಇರಲಿ, ಎದ್ದು ಹೋಗಿ ತರಬೇಕಾಗಲಿ. ಎದ್ದು ಹೋಗುವಷ್ಟರಲ್ಲಿ ಎಷ್ಟೋ ಸಲ ಉತ್ತರ ತಾನಾಗಿ ಹೊಳೆಯುತ್ತದೆ.

ಮೊಬೈಲಿನ ಮಾತು ಬಾರದೆ ಇರುವುದಿಲ್ಲ. ಕನ್ನಡ, ಮಲಯಾಳಂ, ತಮಿಳು ಬೈಬಲುಗಳು ಪುಕ್ಕಟೆಯಾಗಿ ಸಿಗುತ್ತವೆ, ಸ್ಟ್ರಾಂಗನ ಅಂಕಿಗಳೂ ಸಿಗುತ್ತವೆ, ಕಣ್ಣು ಮಂಜಾದವರಿಗೆ ಕೇಳುವ ಬೈಬಲೂ ಇದೆ. ಹುಡುಕುವ ಕೆಲಸಕ್ಕೆ ಇದರಷ್ಟು ಚುರುಕಾದದ್ದು ಬೇರೆ ಇಲ್ಲ. ದುಡ್ಡಿಲ್ಲದ ವಿದ್ಯಾರ್ಥಿ ಇಲ್ಲಿಂದಲೇ ಶುರುಮಾಡಲಿ. ಆದರೆ ಇಳಿಸಿಟ್ಟುಕೊಂಡು ನೆಟ್ಟಿಲ್ಲದೆ ಓದುವಂಥದನ್ನೇ ಆರಿಸಿ. ಮಳೆಗಾಲದಲ್ಲಿ ಇಲ್ಲಿ ಮರ ಬಿದ್ದು ಕರೆಂಟು ಹೋಯಿತೆಂದರೆ ಟವರೂ ಹೋಗುತ್ತದೆ, ಓದಲು ಪುರುಸೊತ್ತಿರುವುದು ಆಗಲೇ.

ಅದೇ ಮಳೆ ಕಾಗದದ ಪುಸ್ತಕಕ್ಕೂ ಶತ್ರು. ದೂರದೂರಿನ ತಜ್ಞರು ಬರೆದ ಸಲಹೆಗಳಲ್ಲಿ ಇದು ಸಿಗುವುದಿಲ್ಲವಾದ್ದರಿಂದ ನೆಟ್ಟಣದವನೇ ಹೇಳಬೇಕು. ತೀರಾ ತೆಳು ಕಾಗದದ ಬೈಬಲು ನೋಡಲು ಚೆಂದ, ಜುಲೈಯಲ್ಲಿ ಪುಟಕ್ಕೆ ಪುಟ ಅಂಟಿಕೊಳ್ಳುತ್ತದೆ. ರೆಕ್ಸಿನ್ ಹೊದಿಕೆಗೆ ಬೇಗ ಬೂಷ್ಟು ಹಿಡಿಯುತ್ತದೆ. ಬರೇ ಗೋಂದಿನಿಂದ ಅಂಟಿಸಿದ ದಪ್ಪ ನಿಘಂಟುಗಳು ಎರಡು ಮಳೆಗಾಲ ಕಳೆಯುವಾಗ ಬೆನ್ನು ಬಿಟ್ಟು ಕಂತೆಕಂತೆಯಾಗಿ ಕೈಗೆ ಬರುತ್ತವೆ. ಬೆನ್ನಿನ ಹತ್ತಿರ ಪುಟ ಅಗಲಿಸಿ ನೂಲಿನ ಹೊಲಿಗೆ ಇದೆಯೇ ನೋಡಿ. ಗಟ್ಟಿ ರಟ್ಟು, ಬಟ್ಟೆಯ ಹೊದಿಕೆ ಇದ್ದರೆ ಬೆಲೆ ಹೆಚ್ಚಾದರೂ ತಕ್ಕೊಳ್ಳಿ. ಗೋಡೆಗೆ ತಾಗಿಸಿ ಇಡಬಾರದು, ಗೆದ್ದಲು ಹಿಂದಿನಿಂದಲೇ ಬರುವುದು. ಅಮ್ಮಚ್ಚಿಯ ಬೈಬಲು ಅಡುಗೆಮನೆಯ ಅಟ್ಟದಲ್ಲಿ, ಒಲೆಯ ಬಿಸಿ ತಾಗುವ ಕಡೆ, ಹುಣಸೆಹಣ್ಣಿನ ಭರಣಿಯ ಪಕ್ಕ ಇರುತ್ತಿತ್ತು. ಹೊಗೆಗೆ ಅಂಚು ಕಂದಾಗಿದೆ, ಒಂದು ಪುಟವೂ ಹೋಗಿಲ್ಲ.

ಎಲ್ಲವನ್ನೂ ಕೊಳ್ಳಲೇಬೇಕೆಂದಿಲ್ಲ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ಪತ್ರಾಗಾರವಿದೆ, ಬಾಸೆಲ್ ಮಿಷನ್ ಪ್ರೆಸ್ಸಿನ ಹಳೆಯ ಪುಸ್ತಕಗಳು ಅಲ್ಲಿವೆ. ಜೆಪ್ಪುವಿನಲ್ಲಿ 1879ರಲ್ಲಿ ಶುರುವಾದ ಸಂತ ಜೋಸೆಫರ ಸೆಮಿನರಿ ಇದೆ. ಇಲ್ಲಿಂದ ರೈಲು ಹತ್ತಿದರೆ ಮಂಗಳೂರು ದೂರವಲ್ಲ. ಮೊದಲೇ ಕೇಳಿಕೊಂಡು, ಅನುಮತಿ ಪಡೆದು ಹೋಗಿ. ಕೊಳ್ಳುವ ಮೊದಲು ಒಂದು ಗ್ರಂಥವನ್ನು ಅರ್ಧ ದಿನ ಮಡಿಲಲ್ಲಿಟ್ಟು ಓದಿದರೆ ಅದು ನಿಮ್ಮದೋ ಅಲ್ಲವೋ ಗೊತ್ತಾಗುತ್ತದೆ.

ಇಂಗ್ಲಿಷ್, ಮಲಯಾಳಂ ಓದಬಲ್ಲ ನಮ್ಮ ಸೀಮೆಯ ಹಿರಿಯರಲ್ಲಿ ಒಂದು ಬೇಡಿಕೆ ಉಂಟು. ಮಕ್ಕಳು ಕಲಿಯುತ್ತಿರುವುದು ಕನ್ನಡದಲ್ಲಿ. ನಮ್ಮ ಮಳೆ, ನಮ್ಮ ಕಳಸೆ, ನಮ್ಮ ತಿಂಗಳುಗಳ ಲೆಕ್ಕಕ್ಕೆ ಹೊಂದಿಸಿ ಬೈಬಲಿನ ನಾಡನ್ನು ವಿವರಿಸುವ ಪುಸ್ತಕ ಕನ್ನಡದಲ್ಲಿ ಬೇಕು. ಬೇಸಾಯ ಬಲ್ಲವರೇ ಅದನ್ನು ಬರೆಯಬೇಕು. ನಿಮ್ಮ ಗ್ರಂಥಗಳಿಂದ ನಿಮಗೆ ತಿಳಿದದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಡಿ, ಅಧ್ಯಾಯ ವಾಕ್ಯದ ಅಂಕಿ ಸಮೇತ. ಬರೆದದ್ದನ್ನು ಸಂಡೇ ಸ್ಕೂಲಿನಲ್ಲಿ ಕೊಡಿ, ಯಾವ ಸಭೆಯದಾದರೂ ಸರಿ. ಮನೆ ಬದಲಿಸುವಾಗ ಹಳೆಯ ಬೈಬಲು, ನಿಘಂಟುಗಳನ್ನು ಗುಜರಿಯವನಿಗೆ ತೂಗಿಸಬೇಡಿ. ಬೇಕಾದವರು ಇದ್ದಾರೆ, ಕೇಳಿ ನೋಡಿ.